ಬೋರಲು ಮಲಗಿದ ರಾಣಿ

ಮನುಷ್ಯನಾದವನಿಗೆ ಒಂದಲ್ಲ ಒಂದು ಹವ್ಯಾಸ ಇರಬೇಕು ಎಂದು ದೊಡ್ಡವರು ಹೇಳುತ್ತಾರೆ. ಹಾಗೆ ಹೇಳುವ ದೊಡ್ಡವರ ಮನೆಯ ಹೆಂಗಸರನ್ನು ಮಾತ್ರ ಈ ವಿಷಯದಲ್ಲಿ ಯಾರೂ ಕೇಳಿದಂತಿಲ್ಲ. ಇಸ್ಪೀಟು ಆಡುವವನ ಹೆಂಡತಿಗೆ ಗಂಡ ಎಲ್ಲಿ ಕೂತಿದ್ದಾನೆ ಎಂಬುದಾದರೂ ಗೊತ್ತಿರುತ್ತದೆ. ಕೋಳಿ ಅಂಕದ ಹುಚ್ಚಿನವನ ಮನೆಯಲ್ಲಿ ಗೆದ್ದ ದಿನ ಸಾರಾದರೂ ಆಗುತ್ತದೆ. ಹಳೆಯ ನಾಣ್ಯಗಳನ್ನು ಕೂಡಿಹಾಕುವವನ ಮನೆಯಲ್ಲಿ ಏನೂ ಆಗುವುದಿಲ್ಲ. ದುಡ್ಡು ಒಳಕ್ಕೆ ಬರುತ್ತದೆ, ಹತ್ತಿಯ ಮೇಲೆ ಮಲಗುತ್ತದೆ, ಮತ್ತೆ ಏಳುವುದಿಲ್ಲ. ನನ್ನ ಹೆಂಡತಿ ನಿಂಗಮ್ಮ ಮದುವೆಯಾದ ಹೊಸತರಲ್ಲೇ ಈ ಸ್ಥಿತಿಯನ್ನು ಕಂಡು, ಮನೆಗೆ ಬಂದ ಕಾಸು ಉಪ್ಪಾಗಬೇಕು, ಸೀಗೆಕಾಯಿಯಾಗಬೇಕು, ಹೋಗಲಿ ಎಂದರೆ ಕಳ್ಳನ ಪಾಲಾದರೂ ಆಗಬೇಕು, ಹೀಗೆ ಬಾಣಂತಿಯ ಹಾಗೆ ಬೆಚ್ಚಗೆ ಬಿದ್ದಿರಬಾರದು ಎಂದಿದ್ದಳು. ಆ ಕಾಲಕ್ಕೆ ನಾನು ಮಳವಳ್ಳಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಮೇಷ್ಟ್ರುಗಳು ಹೆಂಡತಿಯ ಮಾತಿಗೆ ಉತ್ತರ ಕೊಡುವುದಿಲ್ಲ, ವಿವರಣೆ ಕೊಡುತ್ತಾರೆ. ನಾನು ನಾಣ್ಯಶಾಸ್ತ್ರದ ಮಹಿಮೆಯನ್ನು ವಿವರಿಸಿದೆ. ಅವಳು ಕೇಳಿಸಿಕೊಂಡು ರಾಗಿ ಬೀಸಲು ಹೋದಳು.

ನಾಣ್ಯಗಳನ್ನಿಡಲು ನಾನು ವಶಪಡಿಸಿಕೊಂಡದ್ದು ಅವಳು ತವರಿನಿಂದ ತಂದಿದ್ದ ಮರದ ಸಾಂಬಾರ ಪೆಟ್ಟಿಗೆಯನ್ನು. ಅದರಲ್ಲಿ ಅಚ್ಚುಕಟ್ಟಾದ ಮನೆಗಳಿದ್ದವು. ಜೀರಿಗೆ ಇದ್ದ ಮನೆಗೆ ಕಂಪನಿ ಸರ್ಕಾರದ ತಾಮ್ರದ ಕಾಸುಗಳು ಬಂದವು, ಮೆಣಸಿನ ಮನೆಗೆ ನಮ್ಮ ಮಹಾರಾಜರ ಹಳೆಯ ಕಾಸುಗಳು. ಇಂಗಿದ್ದ ಮೂಲೆಗೆ ಏನಿಟ್ಟರೂ ಇಂಗಿನ ವಾಸನೆ ಹೋಗಲಿಲ್ಲ. ಇವತ್ತಿಗೂ ನನಗೆ ಚರಿತ್ರೆ ಎಂದರೆ ಇಂಗಿನ ವಾಸನೆಯೇ ಮೂಗಿಗೆ ಬಡಿಯುತ್ತದೆ. ಭಾನುವಾರ ಬೆಳಗ್ಗೆ ಬಿಸಿಲು ಬೀಳುವ ಕಡೆ ಚಾಪೆ ಹಾಸಿ, ಪೆಟ್ಟಿಗೆ ತೆರೆದು, ಭೂತಗಾಜು ಹಿಡಿದು ಕೂತರೆ ಆಗುವ ಸುಖವನ್ನು ಇಂದ್ರನ ಸಭೆಯಲ್ಲಿರುವವರಿಗೂ ಹೇಳಿ ತಿಳಿಸಲಾರೆ. ಸವೆದುಹೋದ ಒಂದು ಅಕ್ಷರ ಬಿಸಿಲಿನ ಓರೆಗೆ ಹಿಡಿದಾಗ ತಟಕ್ಕನೆ ಎದ್ದು ನಿಲ್ಲುತ್ತದಲ್ಲ, ಅದಕ್ಕಾಗಿ ಮಂಡ್ಯದ ಸಂತೆಯಲ್ಲಿ ಹಳೆಯ ಕಬ್ಬಿಣದ ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಗುಜರಿಯವನಿಂದ ಬೈಸಿಕೊಂಡದ್ದೂ ಸಾರ್ಥಕವೇ. ಇನ್ನು ಕಷ್ಟಗಳನ್ನು ಹೇಳುವುದಾದರೆ, ನಮ್ಮ ಸೀಮೆಯಲ್ಲಿ ಒಳ್ಳೆಯ ನಾಣ್ಯ ಸಿಕ್ಕಿದರೆ ಅದಕ್ಕೆ ಯಾರೋ ಪುಣ್ಯಾತ್ಮರು ಸರಕ್ಕೆ ಪೋಣಿಸಲೆಂದು ಕುಣಿಕೆ ಬೆಸೆದಿರುತ್ತಾರೆ. ಅಕ್ಕಸಾಲಿಗರು ಹೋದ ತಿಂಗಳು ಎರಕ ಹೊಯ್ದದ್ದನ್ನು ಹೋದ ಯುಗದ್ದೆಂದು ಕೊಡುತ್ತಾರೆ. ನೋಡಲು ಬಂದವರೆಲ್ಲ ಕೊನೆಗೆ ಕೇಳುವುದು ಒಂದೇ ಮಾತು: ಇದು ಅಂಗಡಿಯಲ್ಲಿ ನಡೆಯುತ್ತದೆಯೇ?

ಇಷ್ಟು ಕಷ್ಟಸುಖ ಎಲ್ಲ ಹವ್ಯಾಸದಲ್ಲೂ ಉಂಟು. ನನ್ನ ಹವ್ಯಾಸಕ್ಕೆ ಇದಕ್ಕಿಂತ ಬೇರೆಯಾದ ಒಂದು ಶಾಖೆ ಅಂಟಿಕೊಂಡಿತು. ಅದಕ್ಕೆ ಕಾರಣ ಬರಿದಲೆ ರಾಣಿ.

ನಮ್ಮ ಬೀದಿಯ ಕೊನೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಖಾದರ್ ಸಾಬರು ನನಗೆ ಸ್ನೇಹಿತರು. ಹಳೆಯ ಪಾತ್ರೆಗಳ ಜತೆಗೆ ಒಮ್ಮೊಮ್ಮೆ ಹಳೆಯ ಕಾಸೂ ಅವರ ಕೈಗೆ ಬರುತ್ತಿತ್ತು. ಒಂದು ದಿನ ಶಾಲೆ ಬಿಟ್ಟು ಬರುವಾಗ ನನ್ನನ್ನು ಕರೆದು, ಒಂದು ಬೆಳ್ಳಿಯ ರೂಪಾಯಿಯನ್ನು ಇಕ್ಕಳದಲ್ಲಿ ಹಿಡಿದು ಚಾಚಿದರು. ವಿಕ್ಟೋರಿಯಾ ರಾಣಿಯ ಪ್ರಾಯದ ಕಾಲದ್ದು. ಆಮೇಲಿನ ರೂಪಾಯಿಗಳಲ್ಲಿರುವಂತೆ ಕಿರೀಟವಿಲ್ಲ. ಕೂದಲನ್ನು ಹಿಂದಕ್ಕೆ ಎಳೆದು ಗಂಟು ಹಾಕಿದ ಬರಿದಲೆ. ಕಣ್ಣಿನ ಜಾಗ ಸವೆದು ನುಣ್ಣಗಾಗಿ, ಮುಚ್ಚಿದೆಯೋ ತೆರೆದಿದೆಯೋ ಹೇಳುವಂತಿಲ್ಲ. ಸಂತೆಯಲ್ಲಿ ಕೊಂಡ ಒಂದು ಹಳೆಯ ತಪ್ಪಲೆಯ ತಳದಲ್ಲಿ ಮಸಿಯೊಳಗೆ ಹೂತು ಕೂತಿತ್ತಂತೆ. ತಪ್ಪಲೆ ಕೆಂಪಗೆ ಕಾದಾಗ ಕಿತ್ತುಕೊಂಡು ಕೆಳಗೆ ಬಿತ್ತಂತೆ. ಅವರು ಮರೆತು ಬರಿಗೈಯಲ್ಲೇ ಎತ್ತಿಕೊಂಡರಂತೆ.

"ಕೈ ಸುಡ್ಲಿಲ್ಲ ಮೇಷ್ಟ್ರೇ," ಎಂದರು ಸಾಬರು. "ಬಾವಿಯಿಂದ ತೆಗೆದಂಗೆ ತಣ್ಣಗಿತ್ತು. ನನ್ನ ಅಂಗಡೀಲಿ ಇದು ಬೇಡ. ತಗೊಂಡೋಗಿ."

ನಾನು ಶಾಲೆಯಲ್ಲಿ ಮಕ್ಕಳಿಗೆ ಉಷ್ಣವಾಹಕಗಳ ಪಾಠ ಮಾಡುವವನು. ಬೆಳ್ಳಿಯಷ್ಟು ಬೇಗ ಕಾಯುವ ಲೋಹ ಇನ್ನೊಂದಿಲ್ಲ ಎಂದು ಅವರಿಗೂ ಒಂದು ಪಾಠ ಹೇಳಿ, ಬದಲಿಗೆ ಬೇರೆ ರೂಪಾಯಿ ಕೊಟ್ಟು ತಂದೆ. ಏಲಕ್ಕಿ ಇಡುವ ಮನೆ ಖಾಲಿಯಿತ್ತು. ಅಲ್ಲಿ ಮುಖ ಮೇಲಾಗಿ ಮಲಗಿಸಿದೆ. ರೂಪಾಯಿ ತಣ್ಣಗಿದ್ದದ್ದು ನಿಜ. ಕಾರ್ತಿಕ ಮಾಸ, ಎಲ್ಲವೂ ತಣ್ಣಗಿರುತ್ತದೆ ಎಂದುಕೊಂಡೆ.

ಅಷ್ಟರಲ್ಲಿ ಯುದ್ಧ ಬಂತು. ಬೆಳ್ಳಿಯ ರೂಪಾಯಿಗಳು ಒಂದೊಂದಾಗಿ ಮಾಯವಾಗಿ ಕಾಗದದ ರೂಪಾಯಿ ಬಂತು. ತಾಮ್ರಕ್ಕೆ ಬರ ಬಂದು, ಸರ್ಕಾರ ಕಾಸಿನ ನಡುಭಾಗವನ್ನು ಕಿತ್ತುಕೊಂಡು ಅಂಚನ್ನು ಮಾತ್ರ ಪ್ರಜೆಗಳಿಗೆ ಬಿಟ್ಟಿತು. ಆ ತೂತು ಕಾಸನ್ನು ಜನ ಬೇಗನೆ ಒಗ್ಗಿಸಿಕೊಂಡರು. ಉಡಿದಾರಕ್ಕೆ ಕಟ್ಟಿದರು, ದನದ ಕೊರಳಿಗೆ ಪೋಣಿಸಿದರು. ಒಂದು ಕೆಲಸಕ್ಕೆ ಮಾತ್ರ ಅದು ಬರಲಿಲ್ಲ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮೈ ತೊಳೆದು, ವಿಭೂತಿ ಕಲಸಿ ಹಣೆಗೆ ಒಂದು ನಾಣ್ಯ ಅಂಟಿಸುತ್ತಾರೆ. ಈ ಖರ್ಚನ್ನು ಯುದ್ಧದ ಸರ್ಕಾರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪಕ್ಕದ ಬೀದಿಯ ಬೋರೇಗೌಡ ಒಂದು ಬೆಳಗ್ಗೆ ಬಂದು ಬಾಗಿಲಲ್ಲಿ ನಿಂತ.

"ಮೇಷ್ಟ್ರೇ, ಅವ್ವ ಓಗ್ಬುಟ್ಲು," ಎಂದ. "ಅಣೆಗಂಟ್ಸಕ್ಕೆ ಮನೇಲಿರೋವೆಲ್ಲ ತೂತ್ ಕಾಸು. ಅದ ಅಂಟ್ಸಿದ್ರೆ ನಮ್ಮವ್ವ ಸುಮ್ಕೆ ಓಯ್ತಾಳಾ? ತಿರುಗಿ ಬಂದು ಕೇಳ್ತಾಳೆ."

ಬೋರೇಗೌಡನ ಅವ್ವನನ್ನು ನಾನು ಬಲ್ಲೆ. ಖಂಡಿತ ಬಂದು ಕೇಳುವ ಹೆಂಗಸು. ಊರಿನಲ್ಲಿ ಬೇರೆ ಬೆಳ್ಳಿ ಇರಲಿಲ್ಲವೆಂದಲ್ಲ. ಹೂತಿಟ್ಟಿದ್ದವರು ಇದೆಯೆಂದು ಹೇಳುವ ಕಾಲವಲ್ಲ ಅದು. ನನ್ನ ಪೆಟ್ಟಿಗೆಯ ವಿಷಯವಾದರೋ ನಾನೇ ಊರಿಗೆಲ್ಲ ಡಂಗುರ ಹೊಡೆದಿದ್ದೆ. ಇದ್ದ ಬೆಳ್ಳಿಯಲ್ಲಿ ಕಳೆದರೂ ಅಳು ಬಾರದಂಥದು ಬರಿದಲೆ ರಾಣಿಯೊಂದೇ. ಹೆಣ ಎತ್ತುವ ಮೊದಲು ಕಿತ್ತು ನನ್ನ ಕೈಗೆ ಕೊಡಬೇಕು ಎಂಬ ಕರಾರಿನ ಮೇಲೆ ಅವಳನ್ನು ಕೊಟ್ಟೆ. ಕರಾರು ನಡೆಯುತ್ತದೋ ಇಲ್ಲವೋ ನೋಡಲು ನಾನೂ ಹೋದೆ. ತಲೆಯ ಬಳಿಯೇ ನಿಂತು ಹಣೆಯಿಂದ ಕಣ್ಣು ಕೀಳಲಿಲ್ಲ. ಮೇಷ್ಟ್ರಿಗೆ ಎಷ್ಟು ಸಂಕಟ ನೋಡಿ ಎಂದು ಹೆಂಗಸರು ನನ್ನನ್ನು ಕಂಡು ಇನ್ನೊಂದು ಸುತ್ತು ಅತ್ತರು.

ಅದಾದ ಮೇಲೆ ಊರಿನ ಬೀದಿಗಳು ಒಂದೊಂದಾಗಿ ರಾಣಿಯನ್ನು ಕೇಳಿಕೊಂಡು ಬಂದವು. ಒಮ್ಮೆ ರಾಣಿಯನ್ನು ಉಳಿಸಿಕೊಳ್ಳಲು ಬೇರೊಂದು ರೂಪಾಯಿ, ಕಿರೀಟ ಇಟ್ಟ ಲಕ್ಷಣವಾದ ರಾಣಿಯನ್ನೇ ಕೊಡಹೋದೆ. ಬಂದವನು ಕೈ ಹಿಂದಕ್ಕೆ ಎಳೆದುಕೊಂಡ. "ಅದು ಬ್ಯಾಡಿ ಮೇಷ್ಟ್ರೇ. ಅವ್ಳನ್ನೇ ಕೊಡಿ. ಅವ್ಳಿಗೆ ದಾರಿ ಗೊತ್ತು."

ಆ ಮಾತು ಕೇಳಿದ ಮೇಲೆ ನಾನು ಭೂತಗಾಜಿನಲ್ಲಿ ಅವಳ ಮುಖ ನೋಡುವುದನ್ನು ಬಿಟ್ಟೆ. ಪ್ರತಿ ಸಲವೂ ಅವಳು ವಿಭೂತಿಯ ಪುಡಿ ಮೆತ್ತಿಕೊಂಡು, ಹೋದದ್ದಕ್ಕಿಂತ ತಣ್ಣಗಾಗಿ ಹಿಂದಿರುಗುತ್ತಿದ್ದಳು. ಇದನ್ನು ಸಾಬರಿಗೆ ಹೇಳಿದಾಗ ಅವರು ತಿದಿ ಒತ್ತುವುದನ್ನು ನಿಲ್ಲಿಸಲಿಲ್ಲ. ತಮ್ಮವರಲ್ಲಿ ಹೋಗುವಾಗ ಕೈ ಖಾಲಿ, ಹಣೆ ಖಾಲಿ, ಅದರಿಂದ ಯಾರೂ ಯಾವುದನ್ನೂ ವಾಪಸು ತರಬೇಕಾಗಿಲ್ಲ ಎಂದು ಮಾತ್ರ ಹೇಳಿದರು.

ಇಲ್ಲಿಯವರೆಗೆ ನಡೆದದ್ದನ್ನು ಪರೋಪಕಾರ ಎಂದು ಕರೆದು ಸುಮ್ಮನಿರಬಹುದಿತ್ತು. ಆದರೆ ಒಂದು ಬೆಳಗ್ಗೆ ಪೆಟ್ಟಿಗೆ ತೆರೆದರೆ ರಾಣಿ ಬೋರಲು ಮಲಗಿದ್ದಳು. ನಾನು ನಾಣ್ಯಗಳನ್ನು ಯಾವಾಗಲೂ ಮುಖ ಮೇಲಾಗಿ ಇಡುವವನು. ಇದು ನಾಣ್ಯ ಕೂಡಿಸುವವರ ಮಡಿ. ಇಲಿಯ ಕೆಲಸ ಎಂದುಕೊಂಡು ತಿರುಗಿಸಿ ಇಟ್ಟೆ. ಸಂಜೆಯ ಹೊತ್ತಿಗೆ ಎಣ್ಣೆ ಅಂಗಡಿಯ ಮುದುಕ ತೀರಿಕೊಂಡನೆಂದು ಅವನ ಮಗ ನಾಣ್ಯ ಕೇಳಲು ಬಂದ. ಇನ್ನೊಂದು ಸಲ ಹಾಗೆಯೇ ಆಯಿತು. ಮತ್ತೊಂದು ಸಲವೂ ಆಯಿತು. ರಾಣಿ ಬೋರಲಾದಳೆಂದರೆ ಇವತ್ತೋ ನಾಳೆಯೋ ಬಾಗಿಲು ಬಡಿಯುತ್ತದೆ. ಇಲಿಗೆ ಇಂಥ ಮುನ್ನರಿವು ಇರಲಾರದು. ನಿಂಗಮ್ಮನನ್ನು ಕೇಳಿದರೆ, "ಆ ಪೆಟ್ಟಿಗೆಯ ನಾ ಯಾಕ್ ಮುಟ್ಲಿ? ಕೈ ಒಣಗ್ತದೆ," ಎಂದಳು. ನಾನು ಆವಿಯಾಗುವಿಕೆ, ಆಕುಂಚನ, ವ್ಯಾಕೋಚನ ಎಲ್ಲವನ್ನೂ ಯೋಚಿಸಿದೆ. ಬೆಳ್ಳಿ ಹಿಗ್ಗುತ್ತದೆ, ಕುಗ್ಗುತ್ತದೆ. ಮಗ್ಗುಲು ಬದಲಾಯಿಸುತ್ತದೆಂದು ನಾನು ಪಾಠ ಮಾಡುವ ಪುಸ್ತಕದಲ್ಲಿ ಇಲ್ಲ. ಬೆಳಗ್ಗೆ ಹಲ್ಲುಜ್ಜುವ ಮೊದಲು ಪೆಟ್ಟಿಗೆ ನೋಡುವ ಚಟ ಹತ್ತಿತು. ನೆಟ್ಟಗೆ ಮಲಗಿದ್ದರೆ ಊರು ಕ್ಷೇಮ. ಒಮ್ಮೆ ನೆಟ್ಟಗೆ ಮಲಗಿದ್ದವಳನ್ನೇ ನೋಡುತ್ತ ಕೂತಿರುವಾಗ, ಅವಳೂ ನನ್ನನ್ನು ಯಾವ ಪಟ್ಟಿಯಲ್ಲೋ ಹುಡುಕುತ್ತಿರುವಂತೆ ಅನ್ನಿಸಿ ಮುಚ್ಚಳ ಹಾಕಿದೆ.

ಊರಿಗೆ ಈ ಬೋರಲಿನ ಸಂಗತಿ ಗೊತ್ತಿರಲಿಲ್ಲ. ಆದರೂ ನನ್ನನ್ನು ಕಂಡರೆ ಜಗಲಿಯ ಮೇಲಿನ ಮುದುಕರು ಎದ್ದು ಒಳಗೆ ಹೋಗತೊಡಗಿದರು. ನನಗೆ ಕಾಯಿಲೆಯವರನ್ನು ನೋಡಿ ಮಾತಾಡಿಸಿ ಬರುವುದೆಂದರೆ ಇಷ್ಟ. ಎದುರು ಮನೆಯ ಅಜ್ಜಿ ಹಾಸಿಗೆ ಹಿಡಿದಾಗ ಹೋದೆ. ವಾರದಿಂದ ಮಾತು ನಿಂತಿದ್ದ ಅಜ್ಜಿ ನನ್ನನ್ನು ಕಂಡವಳೇ ಎದ್ದು ಕೂತು, ತಾನು ಚೆನ್ನಾಗಿದ್ದೇನೆಂದೂ ಹುರುಳಿ ಸಾರು ಮಾಡಿರೆಂದೂ ಸೊಸೆಗೆ ಹೇಳಿದಳು. ಆಸ್ಪತ್ರೆಯ ಔಷಧಿಗಿಂತ ನನ್ನ ಮುಖ ಗುಣಕಾರಿ ಎಂದು ಕೆಲವರು ಹೊಗಳಿದರು. ಯಾರೂ ಮನೆಗೆ ಮಾತ್ರ ಕರೆಯಲಿಲ್ಲ.

ಇನ್ನು ನನ್ನ ಮಾವನ ವಿಷಯಕ್ಕೆ ಬರುತ್ತೇನೆ. ನಿಂಗಮ್ಮನ ತಂದೆ ಪುಟ್ಟೇಗೌಡರು ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯವರು. ಅವರಲ್ಲಿ ಒಂದು ಆನೆ ಕಾಸಿತ್ತು. ಸುಲ್ತಾನರ ಕಾಲದ ದೊಡ್ಡ ತಾಮ್ರದ ಕಾಸು, ಸೊಂಡಿಲೆತ್ತಿ ನಡೆಯುತ್ತಿರುವ ಆನೆ, ಮೇಲೆ ಬಾವುಟ. ಅಂಥದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದನ್ನು ಅವರು ಸುಣ್ಣದ ಡಬ್ಬಿಗೆ ಮುಚ್ಚಳ ಮಾಡಿಕೊಂಡಿದ್ದರು. ಪ್ರತಿ ಸಲ ಎಲೆ ಹಾಕುವಾಗಲೂ ಆನೆಯನ್ನು ಎತ್ತಿ, ಅದರ ಅಂಚಿನಿಂದಲೇ ಸುಣ್ಣ ಕೆರೆದು, ಮತ್ತೆ ಸುಣ್ಣದ ಮೇಲೆ ಒತ್ತುತ್ತಿದ್ದರು. ಸುಣ್ಣ ತಾಮ್ರವನ್ನು ಹಸಿರಾಗಿ ತಿನ್ನುತ್ತಿತ್ತು, ನಾನು ನೋಡುತ್ತ ಕೂರುತ್ತಿದ್ದೆ. ಹತ್ತು ಬಗೆಯಲ್ಲಿ ಕೇಳಿದ್ದೆ. ಬೆಳ್ಳಿಯ ಡಬ್ಬಿಯನ್ನೇ ಕೊಡಿಸುತ್ತೇನೆಂದಿದ್ದೆ. ತಾವು ಸತ್ತ ಮೇಲೆ ಡಬ್ಬಿ ಸಮೇತ ತೆಗೆದುಕೊಳ್ಳಬಹುದು, ಅಲ್ಲಿಯವರೆಗೆ ಆನೆಗೆ ಕೆಲಸ ಇದೆ ಎಂದು ಅವರು ತೀರ್ಪು ಕೊಟ್ಟಿದ್ದರು.

ಒಂದು ಬೆಳಗ್ಗೆ ಪೆಟ್ಟಿಗೆ ತೆರೆದರೆ ರಾಣಿ ಬೋರಲು. ಊರಿನಲ್ಲಿ ಯಾರು ಎಂದು ಯೋಚಿಸುತ್ತಿರುವಾಗಲೇ ಚಿಕ್ಕರಸಿನಕೆರೆಯಿಂದ ನಿಂಗಮ್ಮನ ತಮ್ಮ ಬಂದ. ಮಾವನಿಗೆ ಚಳಿಜ್ವರ. ನಾಲೆಯ ನೀರು ಬಂದ ಮೇಲೆ ಆ ಸೀಮೆಯಲ್ಲಿ ಅದೇನು ಹೊಸತಲ್ಲ, ಆದರೆ ಈ ಸಲ ಯಾರ ಗುರುತೂ ಹಿಡಿಯದೆ ಏನೇನೋ ಮಾತಾಡುತ್ತಿದ್ದಾರೆ, ಮಗಳನ್ನು ಕರೆಯುತ್ತಿದ್ದಾರೆ. ನಿಂಗಮ್ಮ ಅಳಲಿಲ್ಲ. ನೇರವಾಗಿ ಪೆಟ್ಟಿಗೆಯ ಬಳಿಗೆ ಹೋಗಿ ಮುಚ್ಚಳ ತೆರೆದು ನೋಡಿದಳು. ನೋಡಿದವಳ ಮುಖ ಬಿಳಿಚಿತು. ನಾನು ರಾಣಿಯನ್ನು ಇಲ್ಲೇ ಬಿಟ್ಟು ಹೋಗೋಣ ಎಂದೆ.

"ಬ್ಯಾಡ," ಎಂದಳು. "ಬುಟ್ಟು ಓದ್ರೆ ನಮ್ಮ ಹಿಂದೆ ಎದ್ದು ಬತ್ತಾಳೆ. ನನ್ ಸೆರಗಿನ ಗಂಟಲ್ಲೇ ಇರ್ಲಿ." ಸೆರಗಿನ ತುದಿಗೆ ಅರಿಶಿನ ಹಚ್ಚಿ, ರಾಣಿಯನ್ನು ಅದರೊಳಗಿಟ್ಟು ಬಿಗಿಯಾಗಿ ಗಂಟು ಹಾಕಿದಳು.

ಇದ್ದಿಲಿನ ಬಸ್ಸು ದಾರಿಯುದ್ದಕ್ಕೂ ಕೆಮ್ಮುತ್ತ ಸಾಗಿತು. ಪೆಟ್ರೋಲಿಲ್ಲದ ಆ ದಿನಗಳಲ್ಲಿ ಬಸ್ಸಿನ ಬೆನ್ನಿಗೆ ಒಲೆ ಕಟ್ಟಿರುತ್ತಿದ್ದರು. ನಿಂಗಮ್ಮ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ನಡುವೆ ಒಮ್ಮೆ ಕೈ ಬದಲಿಸಿ, ಬಟ್ಟೆಯೊಳಗಿಂದಲೂ ತಣ್ಣಗೆ ಕೊರೆಯುತ್ತದೆ ಎಂದಳು. ನನ್ನ ತಲೆಯಲ್ಲಿ ಮಾವನ ನೆನಪಿತ್ತು. ಅವರ ಪಕ್ಕದಲ್ಲೇ ಸುಣ್ಣದ ಡಬ್ಬಿಯ ನೆನಪೂ ಬಂದು ಕೂತಿತ್ತು. ನಾನು ಎಷ್ಟು ಅಟ್ಟಿದರೂ ಅದು ಏಳಲಿಲ್ಲ. ಹವ್ಯಾಸಕ್ಕೆ ನಾಚಿಕೆ ಇಲ್ಲ.

ನಾವು ಹೊಸ್ತಿಲು ದಾಟುತ್ತಲೇ, ಸುಮ್ಮನೆ ಕೂತಿದ್ದ ಹೆಂಗಸರು ನನ್ನನ್ನು ನೋಡಿ ಸೆರಗು ಬಾಯಿಗೆ ಇಟ್ಟುಕೊಂಡರು. ನನ್ನ ಕೀರ್ತಿ ಬಸ್ಸಿಗಿಂತ ಮೊದಲೇ ತಲುಪಿತ್ತು. ಮಾವ ಕಂಬಳಿ ಹೊದ್ದು ಮಲಗಿದ್ದರು. ಕಣ್ಣು ಕೆಂಡದ ಹಾಗಿತ್ತು. ಮಗಳನ್ನು ನೋಡಿದರು, ನನ್ನನ್ನು ನೋಡಿದರು.

"ಅಳೀಮಯ್ಯ," ಎಂದರು. "ತಂದಿದ್ದೀಯಾ ಅವ್ಳನ್ನ?"

ನಾನು ಯಾರನ್ನು ಎಂದು ಕೇಳುವಷ್ಟು ಧೈರ್ಯವಂತನಲ್ಲ. ನಿಂಗಮ್ಮ ಗಂಟನ್ನು ಹಿಂದಕ್ಕೆ ಬಚ್ಚಿಟ್ಟಳು. ಮಾವ ಅದನ್ನು ಕಂಡರು. "ಸತ್ ಮ್ಯಾಲೆ ಅಂಟಿಸ್ತೀರಿ, ನಂಗೆಂಗ್ ಕಾಣ್ತದೆ? ಈಗ್ಲೇ ಅಂಟ್ಸು. ಕನ್ನಡಿ ತತ್ತಾ. ಎಂಗ್ ಕಾಣ್ತೀನಿ ನೋಡಾನ."

ಬದುಕಿರುವವನ ಹಣೆಗೆ ಅಂಟಿಸುವುದುಂಟೆ ಎಂದು ಮನೆಯೆಲ್ಲ ಗೋಳಿಟ್ಟಿತು. ನಿಂಗಮ್ಮ ಅವರ ಕಾಲು ಹಿಡಿದುಕೊಂಡಳು. ಪುಟ್ಟೇಗೌಡರು ಜ್ವರದಲ್ಲೂ ಪುಟ್ಟೇಗೌಡರೇ. ಅಂಟಿಸದಿದ್ದರೆ ಎದ್ದು ತಾವೇ ಅಂಟಿಸಿಕೊಳ್ಳುವುದಾಗಿ ಹೇಳಿ ಏಳಲು ಹೊರಟರು. ಕೊನೆಗೆ ಆ ಕೆಲಸ ನನ್ನ ಪಾಲಿಗೆ ಬಂತು. ಅನುಭವಸ್ಥ ಎಂದಿರಬೇಕು. ನಿಂಗಮ್ಮ ಗಂಟು ಬಿಚ್ಚಿ ಕೊಟ್ಟಳು. ವಿಭೂತಿ ಕಲಸಿ, ಕಾದ ಹೆಂಚಿನಂಥ ಆ ಹಣೆಯ ಮೇಲೆ ರಾಣಿಯನ್ನು ಒತ್ತಿದೆ. ನನ್ನ ಬೆರಳ ಕೆಳಗೆ ಹಣೆ ಸುಡುತ್ತಿತ್ತು, ರಾಣಿ ತಣ್ಣಗಿದ್ದಳು. ಖಾದರ್ ಸಾಬರ ತಪ್ಪಲೆ ನೆನಪಾಯಿತು. ಮಾವ ಕನ್ನಡಿಯನ್ನು ಹಿಡಿದು ಬಹಳ ಹೊತ್ತು ನೋಡಿಕೊಂಡರು. ಆಮೇಲೆ ಕಣ್ಣು ಮುಚ್ಚಿದರು. ಕೈ ಜಾರಿ ಕನ್ನಡಿ ಕಂಬಳಿಯ ಮೇಲೆ ಬಿತ್ತು. ಮಲಗಿದ ಆ ಮುಖವನ್ನೂ ಹಣೆಯ ಮೇಲಿನ ಆ ಬಿಳಿಯ ಮುಖವನ್ನೂ ನೋಡುತ್ತ ನಿಂತಾಗ, ಇಷ್ಟು ದಿನ ನಾನು ಎಷ್ಟೋ ತಲೆಗಳ ಬಳಿ ನಿಂತಿದ್ದರೂ ನಾಣ್ಯವನ್ನು ಬಿಟ್ಟು ಮನುಷ್ಯನನ್ನು ನೋಡಿದ್ದು ಇದೇ ಮೊದಲು ಎಂದು ತಿಳಿಯಿತು.

ಆಗ ರಾಣಿ ಅಲುಗಿದಳು. ಹಣೆಯ ಮೇಲೆ ನಿಧಾನವಾಗಿ ಒಂದು ಕಡೆಗೆ ಸರಿದಳು. ಹುಬ್ಬಿನ ಬಳಿ ಒಂದು ಕ್ಷಣ ನಿಂತಳು. ಕೆನ್ನೆಯ ಮೇಲೆ ಜಾರಿ ದಿಂಬಿನ ಪಕ್ಕಕ್ಕೆ ಉರುಳಿದಳು. ಮಾವನ ಹಣೆಯಲ್ಲಿ ಬೆವರು ಮಣಿಮಣಿಯಾಗಿ ಒಡೆದಿತ್ತು. ಚಳಿಜ್ವರ ಬಿಡುವಾಗ ಬೆವರುವುದು ಇದ್ದದ್ದೇ, ಬೆವರಿದ ಹಣೆಗೆ ವಿಭೂತಿ ಹಿಡಿಯುವುದಿಲ್ಲ. ಇದನ್ನೂ ನಾನು ವಿವರಿಸಬಲ್ಲೆ. ಆ ಹೊತ್ತಿನಲ್ಲಿ ವಿವರಿಸಲಿಲ್ಲ.

ಮಾವ ಕಣ್ಣು ಬಿಟ್ಟು, "ಅವ್ಳಿಗೆ ನಾ ಬ್ಯಾಡ ಕಣ್ರಪ್ಪ," ಎಂದರು. "ಒಂದೀಟು ಗಂಜಿ ತನ್ನಿ."

ಸಂಜೆಯ ಹೊತ್ತಿಗೆ ಎದ್ದು ಗೋಡೆಗೆ ಒರಗಿ ಎಲೆ ಕೇಳಿದರು. ಸುಣ್ಣದ ಡಬ್ಬಿಯಿಂದ ಆನೆಯನ್ನು ಎತ್ತಿ, ಸುಣ್ಣ ಕೆರೆದು, ಮತ್ತೆ ಮುಚ್ಚುವ ಬದಲು ಅದನ್ನು ನನ್ನ ಕಡೆಗೆ ಎಸೆದರು. ಡಬ್ಬಿಗೆ ರಾಣಿಯನ್ನು ಮುಚ್ಚಿ ಒತ್ತಿದರು. "ಇವ್ಳು ಇಲ್ಲೇ ಸುಣ್ಣ ಕಾಯ್ಕಂಡು ಬಿದ್ದಿರ್ಲಿ. ಕಣ್ಮುಂದೆ ಇದ್ರೆ ಯಾವ ಭಯ?" ಎಂದರು. ಹೀಗೆ, ವರ್ಷಗಟ್ಟಲೆ ಬಯಸಿದ ಆನೆ ಕಾಸು ಮಾವ ಬದುಕಿರುವಾಗಲೇ ನನ್ನ ಕೈಗೆ ಬಂತು. ಹಿಡಿದು ನೋಡಿದರೆ ಆನೆಯ ಹಿಂಗಾಲೊಂದನ್ನು ಸುಣ್ಣ ತಿಂದು ಮುಗಿಸಿತ್ತು. ಮೂರು ಕಾಲಿನ ಆನೆ ಬಾವುಟ ಎತ್ತಿಕೊಂಡು ಬಹಳ ಉತ್ಸಾಹದಿಂದ ನಡೆಯುತ್ತಿತ್ತು. ನಾಣ್ಯ ಕೂಡಿಸುವವನ ಭಾಗ್ಯ ಎಂದರೆ ಇದೇ.

ಮರಳಿ ಬರುವ ಬಸ್ಸಿನಲ್ಲಿ ನಿಂಗಮ್ಮ ತಾನಾಗಿ ಬಾಯಿ ಬಿಟ್ಟಳು. ರಾಣಿಯನ್ನು ಬೋರಲು ಮಾಡುತ್ತಿದ್ದವಳು ಅವಳೇ. ಊರಿನಲ್ಲಿ ಯಾರಿಗಾದರೂ ಕಾಯಿಲೆ ಬಲವಾದರೆ ಶಾಲೆಗೆ ತಿಳಿಯುವ ಮೊದಲು ಬಾವಿಕಟ್ಟೆಗೆ ತಿಳಿಯುತ್ತದೆ. ನೀರು ತಂದು ಇಳಿಸಿದವಳೇ, ಸೆರಗು ಸುತ್ತಿದ ಕೈಯಿಂದ ರಾಣಿಯನ್ನು ಮಗುಚಿ ಇಡುತ್ತಿದ್ದಳಂತೆ. ಮುಖ ಕೆಳಗಾದರೆ ಆ ಮನೆ ರಾಣಿಯ ಕಣ್ಣಿಗೆ ಬೀಳದೆ ಇರಲಿ ಎಂದು. ನಾನು ಅಪಶಕುನ ಎಂದುಕೊಂಡದ್ದು ನಿಂಗಮ್ಮನ ಕಾವಲು. ಕಾಯಿಲೆಯವರು ಸಾಯುತ್ತಿದ್ದದ್ದು ಕಾಯಿಲೆಯಿಂದ. ನನಗೆ ನಗು ಬಂತು. ವಿಜ್ಞಾನ ಗೆದ್ದಿತು ಎಂದೆ. ಅವಳು ನಗಲಿಲ್ಲ.

"ಅಪ್ಪಯ್ಯನ ದಿನ ನಾ ತಿರುಗಿಸ್ಲಿಲ್ಲ ಕಣ್ರೀ," ಎಂದಳು. "ತಮ್ಮ ಬಂದ್ ಹೇಳೋಗಂಟ ನಂಗೇನ್ ಗೊತ್ತಿತ್ತು?"

ಬಸ್ಸಿನ ಒಲೆ ಆರಿತೆಂದು ಕಂಡಕ್ಟರು ಎಲ್ಲರನ್ನೂ ಕೆಳಗಿಳಿಸಿದ. ಗದ್ದೆಯ ಬದಿಯಲ್ಲಿ ನಿಂತು ನಾವಿಬ್ಬರೂ ಆ ವಿಷಯ ಬಿಟ್ಟು ಉಳಿದ ಎಲ್ಲವನ್ನೂ ಮಾತಾಡಿದೆವು.

ಈಗ ಯುದ್ಧ ಮುಗಿದಿದೆ. ರಾಜರಾಣಿಯರೇ ದೇಶ ಬಿಟ್ಟು ಹೋಗುತ್ತಾರಂತೆ, ಇನ್ನು ಮುಂದೆ ರೂಪಾಯಿಯ ಮೇಲೆ ಯಾರ ತಲೆ ಬರುತ್ತದೋ ಎಂದು ಜನ ಮಾತಾಡುತ್ತಾರೆ. ಮಾವ ನನಗಿಂತ ಗಟ್ಟಿಯಾಗಿದ್ದಾರೆ. ಡಬ್ಬಿ ತೆರೆಯುವಾಗಲೆಲ್ಲ ರಾಣಿಗೆ ಎರಡು ಬೈಗುಳ ಹಾಕಿಯೇ ಸುಣ್ಣ ತೆಗೆಯುತ್ತಾರಂತೆ. ಊರಿನವರು ನನ್ನ ಮನೆಯ ಬಾಗಿಲು ಬಡಿಯುವುದು ನಿಂತಿದೆ, ಮುದುಕರು ಜಗಲಿಯ ಮೇಲೆ ಕೂತೇ ನನ್ನನ್ನು ಮಾತಾಡಿಸುತ್ತಾರೆ. ಏಲಕ್ಕಿಯ ಮನೆಯಲ್ಲಿ ಆನೆ ನಿಂತಿದೆ. ಎಲ್ಲವೂ ಸರಿಯಾಗಿದೆ ಎಂದು ಬರೆದು ಈ ಪ್ರಬಂಧವನ್ನು ಮುಗಿಸಬೇಕೆಂದು ಬೆಳಗ್ಗೆ ಕೂತೆ. ವಿವರಗಳು ತಪ್ಪದಿರಲಿ ಎಂದು ಆನೆಯನ್ನೊಮ್ಮೆ ನೋಡಲು ಪೆಟ್ಟಿಗೆ ತೆರೆದರೆ, ಆನೆ ಬೋರಲು ಬಿದ್ದಿತ್ತು.

ನಿಂಗಮ್ಮನನ್ನು ಕೇಳಿದೆ. ಮುಟ್ಟಿಲ್ಲ ಎಂದಳು. ಊರಿನಲ್ಲಿ ಯಾರಿಗೆ ಹುಷಾರಿಲ್ಲ ಎಂದು ಕೇಳಿದೆ. ತಾನು ಕೇಳಿದ ಮಟ್ಟಿಗೆ ಯಾರಿಗೂ ಏನೂ ಇಲ್ಲ ಎಂದಳು. ಅಂಚಿನಲ್ಲಿ ಅವಳ ಸೆರಗಿನ ಅರಿಶಿನವೇನಾದರೂ ಇದೆಯೇ ಎಂದು ಭೂತಗಾಜು ಹಿಡಿದು ಹುಡುಕಿದೆ, ಇರಲಿಲ್ಲ. ನಾನು ಕೇಳದೆಯೇ ಅವಳು ಇನ್ನೊಂದು ಲೋಟ ಕಾಫಿ ತಂದು ಮುಂದಿಟ್ಟಳು. ಮದುವೆಯಾದಾಗಿನಿಂದ ಇಂಥದು ನಡೆದಿರಲಿಲ್ಲ. ಇಟ್ಟು ಹೋಗುವಾಗ ಬಾಗಿಲಲ್ಲಿ ನಿಂತು ನನ್ನನ್ನು ಒಂದು ಸಲ ತಿರುಗಿ ನೋಡಿದಳು.

ನಿನ್ನೆಯಿಂದ ನನಗೆ ಸ್ವಲ್ಪ ಕೆಮ್ಮು. ಆನೆಯನ್ನು ನೆಟ್ಟಗೆ ನಿಲ್ಲಿಸಿ ಮುಚ್ಚಳ ಹಾಕಿದ್ದೇನೆ. ಕೆಮ್ಮು ಬಂದಾಗಲೆಲ್ಲ ಹಿತ್ತಿಲಿಗೆ ಹೋಗಿ, ಯಾರಿಗೂ ಕೇಳಿಸದ ಹಾಗೆ ಕೆಮ್ಮಿ ಬರುತ್ತಿದ್ದೇನೆ.